ಅಳತೆ ಪುಸ್ತಕದ ಹಿಂಬದಿ

ಬಂದ್ಯೋಡಿನಲ್ಲಿ, ಹೆದ್ದಾರಿಗೆ
ಎದುರಿನ ಗೋಡೆ ಬಿಟ್ಟುಕೊಟ್ಟ ಕಟ್ಟಡದಲ್ಲಿ
ನನ್ನ ಹೊಲಿಗೆ ಅಂಗಡಿ.
ಅಳತೆ ಪುಸ್ತಕದ ಮುಂಬದಿ ಎದೆ, ತೋಳು, ಉದ್ದ.
ತಿರುಗಿಸಿ ಹಿಡಿದರೆ
ತಿಂಗಳ ಎರಡನೇ ಭಾನುವಾರದ ಕನ್ನಡ ಪೂಜೆಗೆ
ಓದಬೇಕಾದ ಬಿನ್ನಹಗಳು.
ಹನ್ನೊಂದು ವರ್ಷದಿಂದ ನಾನೇ ಬರೆಯುವುದು.
ಪೋಪರಿಗಾಗಿ. ಮಳೆಗಾಗಿ. ಪರೀಕ್ಷೆಯ ಮಕ್ಕಳಿಗಾಗಿ.
ಸೊಂಟ ಮುರಿದು ಮಲಗಿದ ಕಾರ್ಮಿಣ್ ಬಾಯಿಗಾಗಿ.

ಈ ಸಲ ಪೆನ್ನು ಹಿಡಿದರೆ ಬರುವುದೇ ಇಲ್ಲ.

ಅವ್ವಮ್ಮ ಬಂದಿದ್ದಳು, ಮೊಮ್ಮಗಳ ಪೆರ್ನಾಳ್ ಅಂಗಿಗೆ.
ಬಟ್ಟೆ ಕೊಟ್ಟು, ಕೂತು, ಮೊಬೈಲು ತೋರಿಸಿದಳು.
ಶಾರ್ಜಾದ ಬೇಕರಿಯಲ್ಲಿ ಅವಳ ಮೂಸಕುಂಞಿಗೆ
ಒಬ್ಬ ಕೋಣೆವಾಸಿ, ಮೇಲಿನ ಮಂಚದವನು, ಅಬೂ ನಿಹಾದ್.
ಅವನ ತಾಯಿ ಹಿಂಡಿಸಿದ ಆಲಿವ್ ಎಣ್ಣೆ
ಒಂದು ಬಾಟಲಿ ನಮ್ಮಲ್ಲಿಗೂ ಬಂದಿತ್ತು.
ಕಹಿ ಎಂದು ನಾನದನ್ನು ಮಿಶಿನಿಗೆ ಬಿಟ್ಟಿದ್ದೆ.

ಈಗ ಅವನ ಬೀದಿ. ಬೀದಿಯಲ್ಲ, ಬೂದಿ.
ಸಾಲಾಗಿ ಬಿಳಿ ಬಟ್ಟೆಯ ಕಟ್ಟುಗಳು.

ಏನು ಮಾಡಲಿ, ಇದು ದರ್ಜಿಯ ಕಣ್ಣು,
ದುಃಖಕ್ಕಿಂತ ಮೊದಲು ಅಳೆಯುತ್ತದೆ.
ಎರಡೂವರೆ ಮೀಟರು. ಎರಡು.
ಆಮೇಲೆ ಒಂದು. ಆಮೇಲೆ ಮುಕ್ಕಾಲು.
ಮುಕ್ಕಾಲು ಮೀಟರಿನಲ್ಲಿ ನಾನು
ಜ್ಞಾನಸ್ನಾನದ ಅಂಗಿ ಹೊಲಿಯುತ್ತೇನೆ, ಲೇಸು ಬೇರೆ.

ಅವ್ವಮ್ಮ "ಪಡಚ್ಚೋನೇ" ಎಂದಳು.
ನಾನು "ಸಾಯ್ಬಾ" ಎಂದೆ.
ಇಬ್ಬರೂ ಕರೆದದ್ದು ಒಬ್ಬನನ್ನೇ ಎಂದುಬಿಡುವುದು ಸುಲಭ.
ಆ ಹೊತ್ತು ಯಾರೂ ಓಗೊಟ್ಟಂತೆ ಕೇಳಲಿಲ್ಲ.
ರೈಲು ಹೋಯಿತು, ಕಪಾಟು ಅದುರಿತು, ಅಷ್ಟೆ.

ಪ್ರತಿ ಡಿಸೆಂಬರಿನಲ್ಲಿ ಥರ್ಮೋಕೋಲಿನ ಮೇಲೆ
ಬೆತ್ಲೆಹೇಮ್ ಎಂದು ಬರೆದವಳು ನಾನೇ,
ಮಿನುಗುಪುಡಿ ಚಿಮುಕಿಸಿ.
ಮುರಿದ ಒಂಟೆಗೆ ಕಾಲು ಅಂಟಿಸಿದ್ದೇನೆ.
ಅಲ್ಲಿ ಈಗಲೂ ಜನ ಇದ್ದಾರೆ,
ಪಕ್ಕದೂರಿಗೆ ಹೋಗಲು ಚೀಟಿ ತೋರಿಸುತ್ತಾರೆ,
ಬಂದೂಕಿನೆದುರು ಸಾಲಿನಲ್ಲಿ
ಬಸುರಿಯರು ನೋವು ಹಲ್ಲುಕಚ್ಚಿ ನಿಲ್ಲುತ್ತಾರೆ ಎಂದು
ಒಂದು ದಿನವೂ ಹೊಳೆದಿರಲಿಲ್ಲ.

ಹೆದ್ದಾರಿಗೆ ಗೋಡೆ ಬಿದ್ದ ದಿನ ನಾನೂ ಅತ್ತಿದ್ದೆ.
ಅದನ್ನು ಇದರ ಪಕ್ಕ ಇಡಲಾರೆ.
ನನಗೆ ನೋಟೀಸು ಬಂದಿತ್ತು, ಚೆಕ್ಕು ಬಂದಿತ್ತು,
ಮಿಶಿನು ಎತ್ತಿಡಲು ಮೂರು ದಿನ ಇತ್ತು.

"ಎರಡೂ ಕಡೆಯವರಿಗೆ ಅಂತ ಬರಿ" ಎಂದರು ಫಾದರ್ ಹಿಲರಿ.
ಬರೆದೆ. ಆಚೆಯ ತಾಯಂದಿರೂ ಅತ್ತಿದ್ದಾರೆ, ಸುಳ್ಳಲ್ಲ.
ಬರೆದ ಮೇಲೂ ಮುಕ್ಕಾಲು ಮೀಟರು
ಮೇಜಿನ ಮೇಲೇ ಉಳಿಯಿತು.
ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ, ಕೇಳದೆ.

ಓದಿದ್ದು ಡೆಲಿಶಾ. ಏಳನೇ ಕ್ಲಾಸು,
ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ಕೊಂಕಣಿ;
ಕನ್ನಡ ಅಕ್ಷರ ಕಲಿತದ್ದು ನನ್ನ ಅಂಗಡಿಯ ಬೋರ್ಡಿನಿಂದ.
ನಾನು ಬರೆದದ್ದು, ಗಾಜಾದ ಜನರಿಗಾಗಿ.
ದೀರ್ಘ ಜಾರಿತೋ, ನನ್ನ ಕೈಬರಹವೇ ಹಾಗೋ,
ಮೈಕಿನಲ್ಲಿ ಮಗು
ಕತ್ತಲೆಯ ಮೆಟ್ಟಿಲು ಹತ್ತುವ ಹಾಗೆ ತಡವಿ ತಡವಿ
"ಗಾಜಿನ... ಜನರಿಗಾಗಿ" ಎಂದಿತು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.
ತಿದ್ದಲು ಎದ್ದವಳು ಅರ್ಧಕ್ಕೇ ನಿಂತೆ.

ಗಾಜಿನ ಜನ.
ಅವರ ಮೂಲಕ ಆಚೆಗೆ ನೋಡಿಬಿಡಬಹುದು,
ನೋಡುತ್ತಲೇ ಇದ್ದೇವೆ,
ಅಂಗೈಯಗಲದಲ್ಲಿ, ಊಟದ ನಡುವೆ,
ಒಡೆಯುವ ಸದ್ದನ್ನು ಹೆಬ್ಬೆರಳಿನಿಂದ
ಕಡಿಮೆ ಮಾಡಿಕೊಂಡು.

"ಪ್ರಭುವೇ, ನಮ್ಮ ಮೊರೆ ಕೇಳು" ಎಂದಿತು ಸಭೆ,
ಮಳೆಗೆ ಎಂದಷ್ಟೇ ದನಿಯಲ್ಲಿ.
ನಾನು ನಿಂತೇ ಇದ್ದೆ. ಎಲ್ಲರೂ ಕೂತ ಮೇಲೂ.

ಸೋಮವಾರ ಅಂಗಿ ಮುಗಿಸಿದೆ.
ಮಿಶಿನಿನ ಹಲ್ಲಿನ ಸಂದಿಯಲ್ಲಿ ಆ ಎಣ್ಣೆ ಇನ್ನೂ ಇತ್ತೋ ಏನೋ,
ಹಸಿರು ಬಟ್ಟೆಯ ಅಂಚಿಗೆ ಒಂದು ಚುಕ್ಕೆ ಹತ್ತಿತು.
ಅವ್ವಮ್ಮ ಬೆರಳಾಡಿಸಿ ನೋಡಿದಳು, "ಇರಲಿ" ಎಂದಳು.
ದುಡ್ಡು ಎಣಿಸುತ್ತಾ ಕೇಳಿದಳು,
"ನಿನ್ನೆ ಇಗರ್ಜಿಯಲ್ಲಿ ಅವರ ಹೆಸರು ಹೇಳಿದಿರಾ?"

ಹೇಳಿದೆವು, ಎಂದೆ.
ತಪ್ಪಾಗಿ ಹೇಳಿದೆವು.